ಬೇರೆ ಮಾಡಿ ಕೊಟ್ಟ ಕಸವನ್ನು ಒಟ್ಟಿಗೇ ಸುರಿಯುತ್ತಾರೆ, ಹಾಗಾದರೆ ಬೇರೆ ಮಾಡುವುದೇಕೆ?

ಬೆಳಿಗ್ಗೆ ಕಸದ ಆಟೊ ಟಿಪ್ಪರ್ ಬೀದಿಗೆ ಬಂದಾಗ ಕೇಳಿಬರುವ ಮಾತೊಂದಿದೆ: "ನಾವು ಹಸಿ, ಒಣ ಅಂತ ಬೇರೆ ಮಾಡಿ ಕೊಟ್ಟರೂ ಅವರು ಒಂದೇ ಕಡೆ ಸುರೀತಾರೆ. ನಮಗ್ಯಾಕೆ ಈ ಕಷ್ಟ?"

ಈ ದೂರು ಪೂರ್ತಿ ಸುಳ್ಳಲ್ಲ, ಹಲವು ಊರುಗಳಲ್ಲಿ ಹಾಗೆ ಆಗುವುದುಂಟು. ಆದರೆ ಅದರಿಂದ ಬೇರೆ ಮಾಡುವುದೇ ವ್ಯರ್ಥ ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ಏಕೆಂದು ತಿಳಿಯಲು ನಮ್ಮ ದೇಶದ ಕಸದ ನಿಯಮಗಳು ಹೇಗೆ ಬಂದವು, ಯಾವ ಆಧಾರದ ಮೇಲೆ ನಿಂತಿವೆ ಎಂಬುದನ್ನು ನೋಡೋಣ.

ನಿಯಮಗಳು ಬಂದದ್ದು ಹೇಗೆ?

1994ರಲ್ಲಿ ಗುಜರಾತಿನ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಲಕ್ಷಾಂತರ ಜನ ಊರು ಬಿಟ್ಟು ಹೋದರು. ನಗರದ ಕೊಳಕು ಇಡೀ ದೇಶದ ಚರ್ಚೆಯಾಯಿತು. 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ನಗರಗಳ ಕಸದ ಬಗ್ಗೆ ಸುಪ್ರೀಂ ಕೋರ್ಟ್‌ನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಆ ಮೊಕದ್ದಮೆಯ ಹಿನ್ನೆಲೆಯಲ್ಲಿ, 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ, 2000ದಲ್ಲಿ ನಗರ ಘನತ್ಯಾಜ್ಯ ನಿಯಮಗಳು ಬಂದವು. ಕಸ ಸಂಸ್ಕರಣಾ ಘಟಕಗಳನ್ನು 2003ರ ಕೊನೆಯೊಳಗೆ ಕಟ್ಟಿ ಮುಗಿಸಬೇಕೆಂದು ಅವುಗಳಲ್ಲಿ ಗಡುವು ಇತ್ತು. ಗಡುವು ಮುಗಿದರೂ ಬಹುತೇಕ ನಗರಗಳು ಊರಾಚೆ ಕಸ ಸುರಿಯುವುದನ್ನು ಬಿಡಲಿಲ್ಲ.

2016ರಲ್ಲಿ ಬಂದ ಹೊಸ ನಿಯಮಗಳು ಹೊಣೆಯನ್ನು ಮನೆಬಾಗಿಲಿಗೇ ತಂದವು. ಹಸಿ, ಒಣ, ಮನೆಯ ಅಪಾಯಕಾರಿ ಕಸ ಎಂದು ಮೂರು ಭಾಗ ಮಾಡುವುದು ಕಡ್ಡಾಯವಾಯಿತು. ಬೀದಿಯಲ್ಲಿ ಕಸ ಸುಡುವುದನ್ನು ನಿಷೇಧಿಸಲಾಯಿತು. ಗೊಬ್ಬರವೂ ಆಗದ, ಮರುಬಳಕೆಗೂ ಬಾರದ, ಇಂಧನಕ್ಕೂ ಒದಗದ ಕಸವಷ್ಟೇ ಭೂಭರ್ತಿ ಜಾಗಕ್ಕೆ ಹೋಗಬೇಕು ಎಂದಾಯಿತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಪ್ರಕಟವಾದ ನಿಯಮಗಳಲ್ಲಿ ಭಾಗಗಳು ನಾಲ್ಕು: ಹಸಿ, ಒಣ, ನೈರ್ಮಲ್ಯ ಕಸ ಮತ್ತು ವಿಶೇಷ ಎಚ್ಚರಿಕೆ ಬೇಕಾದ ಕಸ. ಪ್ಯಾಡ್, ಡೈಪರ್‌ಗಳು ಮೂರನೆಯ ಭಾಗಕ್ಕೆ, ಬಲ್ಬು, ಔಷಧಿ, ಪೇಂಟ್ ಡಬ್ಬಿಗಳು ನಾಲ್ಕನೆಯದಕ್ಕೆ ಸೇರುತ್ತವೆ.

ಬೆರೆತರೆ ಏನಾಗುತ್ತದೆ?

ನಮ್ಮ ನಗರಗಳ ಕಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಸಿ ಕಸ. ಅದನ್ನು ಬೇರೆಯಾಗಿ ಇಟ್ಟರೆ ಕೆಲವೇ ವಾರಗಳಲ್ಲಿ ಗೊಬ್ಬರ. ಗಾಜಿನ ಚೂರು, ಪ್ಲಾಸ್ಟಿಕ್ ಸೇರಿದರೆ ಅದೇ ಗೊಬ್ಬರವನ್ನು ಯಾವ ರೈತನೂ ಹೊಲಕ್ಕೆ ಹಾಕಲಾರ. ಸಾರು, ಮೊಸರು ಮೆತ್ತಿದ ಕಾಗದ, ರಟ್ಟುಗಳನ್ನು ಗುಜರಿಯವರೂ ಕೊಳ್ಳುವುದಿಲ್ಲ. ಅಂದರೆ ಬೆರೆತ ಗಳಿಗೆಯಲ್ಲೇ ಎರಡೂ ಕೆಡುತ್ತವೆ.

ಬೆರೆತ ಕಸದ ಗುಡ್ಡದೊಳಗೆ ಗಾಳಿ ಆಡುವುದಿಲ್ಲ. ಅಲ್ಲಿ ಕೊಳೆಯುವ ಹಸಿ ಕಸ ಮೀಥೇನ್ ಉಗುಳುತ್ತದೆ. 100 ವರ್ಷಗಳ ಲೆಕ್ಕದಲ್ಲಿ ಇದು ಭೂಮಿಯನ್ನು ಬಿಸಿ ಮಾಡುವುದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು. ಕಸದ ಗುಡ್ಡಗಳಿಗೆ ಬೆಂಕಿ ಹತ್ತಲೂ ಇದೇ ಅನಿಲ ಮುಖ್ಯ ಕಾರಣ. ಗುಡ್ಡದಿಂದ ಸೋರುವ ಕಪ್ಪು ನೀರು, ಅಂದರೆ ಲೀಚೇಟ್, ಬ್ಯಾಟರಿ ಮುಂತಾದವುಗಳ ಲೋಹಗಳನ್ನು ಕರಗಿಸಿಕೊಂಡು ಕೆರೆ, ಬಾವಿಗಳಿಗೆ ಇಳಿಯುತ್ತದೆ.

"ಎಲ್ಲವನ್ನೂ ಸುಟ್ಟು ಕರೆಂಟ್ ಮಾಡಬಹುದಲ್ಲ?"

ಇದು ಇನ್ನೊಂದು ತಪ್ಪು ತಿಳಿವಳಿಕೆ. ಹಸಿ ಕಸದಲ್ಲಿ ನೀರಿನಂಶವೇ ಹೆಚ್ಚು. ಅದನ್ನು ಸುಡಲು ಹೊರಟರೆ ಬೆಂಕಿಯ ಶಾಖವೆಲ್ಲ ನೀರು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಅದಕ್ಕೇ 2016ರ ನಿಯಮಗಳು, ಮರುಬಳಕೆಗೆ ಬಾರದ ಮತ್ತು ಕೆಜಿಗೆ 1500 ಕಿಲೋ ಕ್ಯಾಲರಿ ಅಥವಾ ಹೆಚ್ಚು ಶಾಖ ಕೊಡುವ ಕಸವನ್ನು ಇಂಧನವಾಗಿ ಬಳಸಲು ಹೇಳಿದವು. ಕರೆಂಟ್ ಘಟಕ ಚೆನ್ನಾಗಿ ನಡೆಯಬೇಕಾದರೂ ಮೊದಲು ಕಸ ಬೇರೆಯಾಗಲೇಬೇಕು.

ಬೆಲೆ ತೆರುವವರು ಯಾರು?

ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರದ ಜಾಗ 2012ರಲ್ಲಿ ಮುಚ್ಚಿತು. ಹೊರೆ ಮಂಡೂರಿನ ಮೇಲೆ ಬಿತ್ತು. ದುರ್ನಾತ, ನೊಣ, ಕೆಟ್ಟ ನೀರಿನಿಂದ ಬೇಸತ್ತ ಹಳ್ಳಿಗರು ಲಾರಿ ತಡೆದು ಹೋರಾಡಿದ ಮೇಲೆ, 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. 2015ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್, ಬೆಂಗಳೂರಿನ ಮನೆಗಳು 'ಎರಡು ಬುಟ್ಟಿ, ಒಂದು ಚೀಲ' ಪದ್ಧತಿಯಲ್ಲಿ ಕಸ ಬೇರ್ಪಡಿಸಬೇಕೆಂದು ಆದೇಶಿಸಿತು. ನಾವು ಬೆರೆಸಿದ ಕಸ ಕೊನೆಗೆ ಯಾರದೋ ಊರಿನ ಬಾವಿಯ ಪಕ್ಕದಲ್ಲೇ ಬೀಳುತ್ತದೆ ಎಂಬುದನ್ನು ಮಂಡೂರು ತೋರಿಸಿಕೊಟ್ಟಿತು.

ಹಾಗಾದರೆ ಒಟ್ಟಿಗೆ ಸುರಿಯುವುದು ಸರಿಯೇ?

ಖಂಡಿತ ಅಲ್ಲ. ಬೇರೆ ಮಾಡಿದ ಕಸವನ್ನು ಬೇರೆಯಾಗಿಯೇ ಸಾಗಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ. ಬೆರೆಸುವುದು ಕಂಡರೆ ವಾರ್ಡ್ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ, ಸಾಧ್ಯವಾದರೆ ಫೋಟೊ ಸಹಿತ. ಆದರೆ ದೂರುವ ಮೊದಲು ಒಂದನ್ನು ಗಮನಿಸಿ: ಹಲವು ಟಿಪ್ಪರ್‌ಗಳಲ್ಲಿ ಒಳಗೇ ಅಡ್ಡಗೋಡೆ ಇರುತ್ತದೆ, ಕೆಲವೆಡೆ ಒಣ ಕಸ ಒಯ್ಯಲು ಬೇರೆ ದಿನವೇ ಇರುತ್ತದೆ.

ಒಂದು ವೇಳೆ ಗಾಡಿಯಲ್ಲಿ ಬೆರೆತೇ ಹೋದರೂ ನಿಮ್ಮ ಶ್ರಮ ಪೂರ್ತಿ ಹಾಳಾಗುವುದಿಲ್ಲ. ಗಾಜು, ಬ್ಲೇಡು, ಪ್ಯಾಡ್‌ಗಳನ್ನು ಬೇರೆ ಸುತ್ತಿ ಗುರುತು ಮಾಡಿ ಕೊಟ್ಟರೆ ಅದನ್ನು ಎತ್ತುವ ಪೌರಕಾರ್ಮಿಕರ ಕೈ ಉಳಿಯುತ್ತದೆ. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಿದರೆ ಅದು ಗಾಡಿ ಹತ್ತುವುದೇ ಇಲ್ಲ. ಗಾಡಿಯಲ್ಲಿ ಆಗುವ ತಪ್ಪನ್ನು ಒತ್ತಾಯ ಮಾಡಿ ಸರಿಪಡಿಸಬಹುದು. ಮನೆಯಲ್ಲೇ ಬೆರೆತ ಕಸವನ್ನು ಮತ್ತೆ ಪೂರ್ತಿ ಬೇರೆ ಮಾಡಬಲ್ಲ ಯಂತ್ರ ಯಾವ ನಗರಸಭೆಯಲ್ಲೂ ಇಲ್ಲ.