ತಾಮ್ರದ ತಗಡಿನ ಮೇಲೆ ದೊರೆ ಜಾನ್

ಇಂಗ್ಲೆಂಡಿನ ಹಳೆಯ ಚರಿತ್ರೆಯ ಗ್ರಂಥಗಳಲ್ಲಿ ದೊರೆಗಳ ಅಚ್ಚುಚಿತ್ರಗಳಿರುತ್ತವೆ. ಫ್ರೆಂಚ್ ಪ್ರಾಟೆಸ್ಟಂಟ್ ನಿರಾಶ್ರಿತ ರಾಪಿನ್ ಬರೆದ ಚರಿತ್ರೆಯ ಇಂಗ್ಲಿಷ್ ಅನುವಾದಕ್ಕಾಗಿ ಜಾರ್ಜ್ ವರ್ಚ್ಯೂ 1730ರ ದಶಕದಲ್ಲಿ ಕೆತ್ತಿದ ಸರಣಿ ಅವುಗಳಲ್ಲಿ ಹೆಸರಾದುದು. 1199ರಿಂದ 1216ರವರೆಗೆ ಆಳಿದ ಜಾನ್ ಕೂಡ ಅದರಲ್ಲಿದ್ದಾನೆ. ಮ್ಯಾಗ್ನಾ ಕಾರ್ಟಾಕ್ಕೆ ಮುದ್ರೆ ಒತ್ತಿದ ಆ ದೊರೆಯೇ.

ತಾಮ್ರದ ತಗಡಿನ ಮೇಲೆ ಉಕ್ಕಿನ ಮೊನೆಯಿಂದ ಗೆರೆ ಕೊರೆದು, ಗೆರೆಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದವನ್ನು ಅದರ ಮೇಲೆ ಒತ್ತಿ ತೆಗೆಯುವ ಕೆಲಸವದು. ವರ್ಚ್ಯೂ ಬೇಜವಾಬ್ದಾರಿಯ ಮನುಷ್ಯನಲ್ಲ. ಗೋರಿ, ನಾಣ್ಯ, ಮುದ್ರೆಗಳನ್ನು ಹುಡುಕಿ ನೋಡಿದವನು. ಆದರೆ ಜಾನ್ ಸತ್ತು ಆಗಲೇ 500 ವರ್ಷ ಮೀರಿತ್ತು. ವೂಸ್ಟರ್ ಕೆಥೆಡ್ರಲ್‌ನಲ್ಲಿ ಅವನ ಗೋರಿಯ ಮೇಲೆ ಮಲಗಿರುವ ಕಲ್ಲಿನ ಪ್ರತಿಮೆ ಕೂಡ ಅವನು ತೀರಿಕೊಂಡ ಹದಿನೈದು ವರ್ಷಗಳ ನಂತರದ್ದು. ಅವನನ್ನು ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರ ಒಂದೂ ನಮಗೆ ಉಳಿದಿಲ್ಲ. ಹೀಗಿದ್ದರೂ ಈ ಮುಖಗಳನ್ನು ಕಂಡೊಡನೆ ‘ಇವನು ದುಷ್ಟ, ಇವನು ಶೂರ’ ಎಂದು ನಾವು ಓದಿಬಿಡುತ್ತೇವೆ.

ಆ ಓದನ್ನು ನಮಗೆ ಕಲಿಸಿದವರಲ್ಲಿ ಸೇಂಟ್ ಆಲ್ಬನ್ಸ್ ಮಠದ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್ ಪ್ರಮುಖ. ಇತಿಹಾಸ ಬರೆದವನೂ ಅವನೇ, ತನ್ನ ಹಸ್ತಪ್ರತಿಯಲ್ಲಿ ಜಾನ್‌ನ ಚಿತ್ರ ಬಿಡಿಸಿದವನೂ ಅವನೇ. 1217ರಲ್ಲಿ ಮಠ ಸೇರಿದ ಈತನೂ ಸತ್ತ ದೊರೆಯನ್ನೇ ಬರೆದದ್ದು.

ಈತ ಹೇಳುವ ಒಂದು ಕಥೆ ಮುಸ್ಲಿಮ್ ಓದುಗರಿಗೆ ಕುತೂಹಲ ಹುಟ್ಟಿಸುತ್ತದೆ. ಪೋಪನ ಬಹಿಷ್ಕಾರಕ್ಕೆ ಗುರಿಯಾಗಿದ್ದ ಜಾನ್, ಮೊರೊಕ್ಕೊ ಮತ್ತು ಸ್ಪೇನಿನ ದೊರೆಯಾಗಿದ್ದ ಅಲ್‌ಮುವಹ್ಹಿದ್ ಖಲೀಫ ಮುಹಮ್ಮದ್ ಅನ್ನಾಸಿರ್ ಬಳಿಗೆ ಮೂವರು ದೂತರನ್ನು ಕಳಿಸಿದನಂತೆ. ರಾಜ್ಯ ಒಪ್ಪಿಸುತ್ತೇನೆ, ಕಪ್ಪ ಕೊಡುತ್ತೇನೆ, ಇಸ್ಲಾಮನ್ನೂ ಸ್ವೀಕರಿಸುತ್ತೇನೆ ಎಂದನಂತೆ. ಖಲೀಫ ಗ್ರಂಥವೊಂದನ್ನು ಓದುತ್ತಿದ್ದ. ಹುಟ್ಟಿದ ಧರ್ಮವನ್ನು ಬಿಡುವವನನ್ನು ಮೆಚ್ಚಲಾರೆ ಎಂದ. ಆಮೇಲೆ ದೂತನಿಂದಲೇ ಜಾನ್‌ನ ಗುಣ ವಿಚಾರಿಸಿ, ಇಂಥವನ ಸಹವಾಸ ಬೇಡವೆಂದು ಕಳಿಸಿಬಿಟ್ಟ.

ಎಷ್ಟು ಘನವಾದ ಖಲೀಫ! ಆದರೆ ಹಿಗ್ಗುವ ಮುನ್ನ ಸ್ವಲ್ಪ ನಿಲ್ಲಬೇಕು. ಮ್ಯಾಥ್ಯೂಗೆ ಆತನ ಹೆಸರೇ ಗೊತ್ತಿಲ್ಲ. ‘ಅಮೀರುಲ್ ಮೂಮಿನೀನ್’ ಎಂಬ ಬಿರುದು ಬಾಯಿಂದ ಬಾಯಿಗೆ ಸವೆದು ಅವನ ಪುಟದಲ್ಲಿ ‘ಮುರ್ಮೆಲಿಯಸ್’ ಎಂಬ ವ್ಯಕ್ತಿಯಾಗಿದೆ. ದೂತರಲ್ಲೊಬ್ಬನಾದ ಲಂಡನ್ನಿನ ರಾಬರ್ಟ್ ಎಂಬ ಪಾದ್ರಿಗೆ ಜಾನ್ ಇನಾಮಾಗಿ ಕೊಟ್ಟದ್ದು ಸೇಂಟ್ ಆಲ್ಬನ್ಸ್ ಮಠದ ಉಸ್ತುವಾರಿಯನ್ನೇ, ಅವನು ಅದನ್ನು ಸುಲಿದ ಎಂದೂ ಮ್ಯಾಥ್ಯೂ ಬರೆಯುತ್ತಾನೆ. ಅಂದರೆ ಲೇಖನಿ ಹಿಡಿದವನ ಸ್ವಂತ ಮಠದ ಸಿಟ್ಟು ಇಲ್ಲಿದೆ. ಹೆಚ್ಚಿನ ಇತಿಹಾಸಕಾರರು ಈ ಮತಾಂತರದ ಪ್ರಸ್ತಾಪವನ್ನು ನಂಬುವುದಿಲ್ಲ. 1212ರ ಜುಲೈನಲ್ಲಿ ಲಾಸ್ ನವಾಸ್ ದೆ ತೊಲೊಸಾದಲ್ಲಿ ಸ್ಪೇನಿನ ಕ್ರೈಸ್ತ ದೊರೆಗಳೆದುರು ಸೋತು, ಮರುವರ್ಷವೇ ತೀರಿಕೊಂಡ ನಿಜವಾದ ಅನ್ನಾಸಿರ್ ಈ ಕಥೆಯಲ್ಲಿ ಎಲ್ಲೂ ಕಾಣುವುದಿಲ್ಲ. ತನ್ನ ದೊರೆಯನ್ನು ಕುಗ್ಗಿಸಲು ಸನ್ಯಾಸಿಗೆ ಒಬ್ಬ ಸಜ್ಜನ ‘ಅನ್ಯ’ ಬೇಕಿತ್ತು, ಅಷ್ಟೆ. ಬೇರೆ ಸಂದರ್ಭದಲ್ಲಿ ಅದೇ ಲೇಖನಿ ಮುಸ್ಲಿಮರನ್ನು ಹೀಗಳೆಯಲು ಹಿಂಜರಿದಿಲ್ಲ.

ಜಾನ್ ಒಳ್ಳೆಯವನೆಂದು ನಾವು ವಾದಿಸುತ್ತಿಲ್ಲ. ಒತ್ತೆಯಾಳುಗಳನ್ನು ಗಲ್ಲಿಗೇರಿಸಿದವನು, ಸ್ವಂತ ಅಣ್ಣನ ಮಗ ಆರ್ಥರ್ ಅವನ ಸೆರೆಯಲ್ಲೇ ಕಣ್ಮರೆಯಾದ. ಆದರೆ ಅವನ ಕಚೇರಿಯ ದಾಖಲೆ ಸುರುಳಿಗಳು ಇಂದಿಗೂ ಉಳಿದಿವೆ. ಊರಿಂದೂರಿಗೆ ಅಲೆಯುತ್ತ ಮೊಕದ್ದಮೆ ಕೇಳುವ, ಪುಸ್ತಕ ತರಿಸಿಕೊಳ್ಳುವ, ಸ್ನಾನದ ನೀರಿಗೂ ಲೆಕ್ಕ ಬರೆಸುವ ಮನುಷ್ಯನೊಬ್ಬ ಅಲ್ಲಿ ಸಿಗುತ್ತಾನೆ. 1797ರಲ್ಲಿ ಗೋರಿ ತೆರೆದಾಗ ಅಸ್ಥಿಪಂಜರದ ಅಳತೆ ಸುಮಾರು ಐದೂವರೆ ಅಡಿ ಬಂತು. ಆಗ ವರ್ಚ್ಯೂ ತೀರಿಕೊಂಡು 41 ವರ್ಷಗಳಾಗಿದ್ದವು.