ಹಾಜರಿ ಪಟ್ಟಿಯ ನೂರು ವರ್ಷ: ನಾಂಪಲ್ಲಿಯ ಸುತ್ತ ಕಾಲೇಜು ಬೋಧನೆ

ಪಾಠದಲ್ಲಿ ಮನಸ್ಸಿಡದ ವಿದ್ಯಾರ್ಥಿ, ಸಿದ್ಧತೆಯಿಲ್ಲದೆ ತರಗತಿಗೆ ಬಂದು ಹಳೆಯ ನೋಟ್ಸ್ ಬರೆಸಿ ಹೊರಡುವ ಅಧ್ಯಾಪಕ, ತನ್ನ ಪೀರಿಯಡ್ಡನ್ನು ಸಹೋದ್ಯೋಗಿಯ ತಲೆಗೆ ಕಟ್ಟಿ ಮಾಯವಾಗುವ ಇನ್ನೊಬ್ಬ ಅಧ್ಯಾಪಕ, ಇವರ ನಡುವೆ ನಿಷ್ಠೆಯಿಂದ ಕಲಿಸಬಯಸುವವರ ಬೇಸರ ಇಂದು ಯಾವ ಕಾಲೇಜಿನ ಸ್ಟಾಫ್ ರೂಮಿನಲ್ಲಾದರೂ ಕೇಳಿಬರುತ್ತದೆ. ಇದನ್ನು ಈ ಪೀಳಿಗೆಯ ನೈತಿಕ ಕುಸಿತವೆಂದು ವಿವರಿಸುವುದು ವಾಡಿಕೆಯಾಗಿದ್ದರೂ, ಹೈದರಾಬಾದಿನಂಥ ಊರಿನ ಶಿಕ್ಷಣ ಚರಿತ್ರೆಯನ್ನು ನೋಡಿದವರಿಗೆ ಆ ವಿವರಣೆ ಸಾಲದು. ಅಲ್ಲಿನ ನಾಂಪಲ್ಲಿ ಪ್ರದೇಶದಲ್ಲಿ, ಒಂದಕ್ಕೊಂದು ನಡೆದು ತಲುಪಬಹುದಾದಷ್ಟು ಹತ್ತಿರದಲ್ಲಿ, 1907ರಲ್ಲಿ ಕಟ್ಟಿದ ರೈಲು ನಿಲ್ದಾಣ, ಬಾಗ್-ಎ-ಆಮ್ ಎಂದು ಹೆಸರಾದ ಸಾರ್ವಜನಿಕ ಉದ್ಯಾನ, ಮಹಿಳಾ ಕಾಲೇಜನ್ನೂ ಪಾಲಿಟೆಕ್ನಿಕ್ಕನ್ನೂ ಒಳಗೊಂಡ ವಸ್ತುಪ್ರದರ್ಶನ ಮೈದಾನ, ಇಂಟರ್‌ಮೀಡಿಯಟ್ ಮಂಡಳಿಯ ವಿದ್ಯಾಭವನ ಮತ್ತು ಸರಕಾರಿ ನೌಕರಿಗೆ ಆಯ್ಕೆ ಮಾಡುವ ಲೋಕಸೇವಾ ಆಯೋಗದ ಕಚೇರಿ ಇವೆ. ಕಲಿಕೆ, ಪರೀಕ್ಷೆ, ನೌಕರಿ ಇವು ಮೂರೂ ಒಂದೇ ಪೇಟೆಯಲ್ಲಿದ್ದೂ ಒಂದರಿಂದ ಇನ್ನೊಂದು ಹೇಗೆ ಬೇರ್ಪಟ್ಟವು ಎಂಬುದೇ ಇಲ್ಲಿ ಹೇಳಬೇಕಾದ ಚರಿತ್ರೆ.

ಈ ಬೇರ್ಪಡಿಕೆಯ ಆರಂಭ ನಿಜಾಮರ ಕಾಲದ ಮೊದಲ ಕಾಲೇಜುಗಳಲ್ಲಿಯೇ ಇದೆ. ಮೊದಲನೆಯ ಸಾಲಾರ್ ಜಂಗ್ ದಿವಾನರಾಗಿದ್ದಾಗ 1850ರ ದಶಕದಲ್ಲಿ ಸ್ಥಾಪಿತವಾದ ದಾರುಲ್ ಉಲೂಮ್, ಅಂದರೆ ವಿದ್ಯೆಗಳ ಮನೆ, ಅರಬ್ಬೀ ಮತ್ತು ಫಾರಸೀ ವಿದ್ಯೆಗಳನ್ನು ಕಲಿಸುತ್ತಿದ್ದು, ಮುಂದೆ ಪದವಿಗಾಗಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯವನ್ನು ಆಶ್ರಯಿಸಿತು. 1887ರಲ್ಲಿ ರೂಪುಗೊಂಡ ನಿಜಾಮ್ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತು. ಸಂಯೋಜಿತ ಕಾಲೇಜು ಎಂಬ ಈ ವ್ಯವಸ್ಥೆಯಲ್ಲಿ ಏನನ್ನು ಓದಬೇಕು ಎಂಬುದನ್ನೂ ಓದಿದ್ದಕ್ಕೆ ಎಷ್ಟು ಅಂಕ ಎಂಬುದನ್ನೂ ದೂರದ ವಿಶ್ವವಿದ್ಯಾಲಯ ನಿರ್ಣಯಿಸುತ್ತದೆ, ಕಾಲೇಜಿನ ಅಧ್ಯಾಪಕನಿಗೆ ಉಳಿಯುವುದು ನಡುವಿನ ಬೋಧನೆ ಮಾತ್ರ. ಕಲಿಸಿದವನು ಪ್ರಶ್ನೆ ಕೇಳುವವನಲ್ಲ, ಪ್ರಶ್ನೆ ಕೇಳುವವನು ಆ ತರಗತಿಯನ್ನು ಕಂಡವನಲ್ಲ ಎಂಬ ಸ್ಥಿತಿಯಲ್ಲಿ, ಅಧ್ಯಾಪಕನ ಮಾತಿಗಿಂತ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಯೇ ಹೆಚ್ಚು ವಿಶ್ವಾಸಾರ್ಹವೆಂದು ಜಾಣ ವಿದ್ಯಾರ್ಥಿಗೆ ತೋರಿದ್ದು ಸಹಜ.

ಈ ರೋಗವನ್ನು ಹೈದರಾಬಾದಿನಲ್ಲಿ ಸ್ಪಷ್ಟವಾಗಿ ಗುರುತಿಸಿದವರು ಸರಕಾರದ ಹಿರಿಯ ಅಧಿಕಾರಿ ಅಕ್ಬರ್ ಹೈದರಿ. ಪರಭಾಷೆಯಲ್ಲಿ ಕಲಿಯುವ ವಿದ್ಯಾರ್ಥಿಯ ಶಕ್ತಿಯೆಲ್ಲ ನೆನಪಿಡುವುದರಲ್ಲಿಯೇ ವ್ಯಯವಾಗಿ ಸ್ವಂತ ಆಲೋಚನೆಗೆ ಎಡೆ ಉಳಿಯುವುದಿಲ್ಲವೆಂದು ವಾದಿಸಿ 1917ರಲ್ಲಿ ಅವರು ನಿಜಾಮರಿಗೆ ಸಲ್ಲಿಸಿದ ನಿವೇದನೆಯ ಫಲವಾಗಿ, ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿ ಉಳಿಸಿಕೊಂಡು ಉಳಿದೆಲ್ಲವನ್ನೂ ಉರ್ದುವಿನಲ್ಲಿ ಬೋಧಿಸುವ ಜಾಮಿಯಾ ಉಸ್ಮಾನಿಯಾ, ಅಂದರೆ ಉಸ್ಮಾನಿಯಾ ವಿಶ್ವವಿದ್ಯಾಲಯ, ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನಿನಿಂದ ಹುಟ್ಟಿತು. ಅದರ ಕಾಲೇಜು 1919ರ ಆಗಸ್ಟ್ 28ರಂದು 225 ವಿದ್ಯಾರ್ಥಿಗಳು ಮತ್ತು 25 ಅಧ್ಯಾಪಕರೊಂದಿಗೆ ಬಾಡಿಗೆ ಕಟ್ಟಡಗಳಲ್ಲಿ ಆರಂಭವಾಯಿತು. ಒಂಬತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕನೆಂಬ ಆ ಲೆಕ್ಕವನ್ನು ಇಂದಿನ ಕಾಲೇಜುಗಳು ಕನಸಿನಲ್ಲಿಯೂ ಕಾಣಲಾರವು. ಪಠ್ಯಗಳ ಕೊರತೆ ನೀಗಿಸಲು ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಮೌಲ್ವಿ ಅಬ್ದುಲ್ ಹಕ್ಕರ ನೇತೃತ್ವದಲ್ಲಿ ಮೊದಲೇ ಕೆಲಸ ಶುರುಮಾಡಿದ್ದು, ಗಣಿತ, ಇತಿಹಾಸ, ಅರ್ಥಶಾಸ್ತ್ರ, ವೈದ್ಯಗಳ ನೂರಾರು ಗ್ರಂಥಗಳನ್ನು ಮುಂದಿನ ಮೂರು ದಶಕಗಳಲ್ಲಿ ಉರ್ದುವಿಗೆ ತಂದಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂದು ಕಾರ್ಯದಲ್ಲಿ ತೋರಿಸಿದ ಈ ಸಾಹಸವನ್ನು ರವೀಂದ್ರನಾಥ ಠಾಕೂರರು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಹೈದರಿಯವರ ತರ್ಕ ಸರಿಯಾಗಿದ್ದರೆ ಅದು ಸಂಸ್ಥಾನದ ಎಲ್ಲ ಮಕ್ಕಳಿಗೂ ಅನ್ವಯಿಸಬೇಕಾಗಿತ್ತು. ಸಂಸ್ಥಾನದ ಪ್ರಜೆಗಳಲ್ಲಿ ಅರ್ಧದಷ್ಟು ಮಂದಿ ತೆಲುಗರು, ಕಾಲು ಭಾಗ ಮರಾಠಿಗರು, ನೂರಕ್ಕೆ ಹನ್ನೊಂದು ಹನ್ನೆರಡು ಮಂದಿ ಕನ್ನಡಿಗರು. ಉರ್ದು ಮನೆಮಾತಾಗಿದ್ದವರೂ ಹೆಚ್ಚು ಕಡಿಮೆ ಕನ್ನಡಿಗರಷ್ಟೇ ಇದ್ದರು. ಗುಲ್ಬರ್ಗ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡದ ಹುಡುಗ ಪ್ರಾಥಮಿಕ ಹಂತದಾಚೆಗೆ ಉರ್ದುವಿಗೆ ಹೊರಳಬೇಕಾಗಿತ್ತು, 1874ರಿಂದ ಓಡುತ್ತಿದ್ದ ವಾಡಿ ಮಾರ್ಗದ ರೈಲು ಹತ್ತಿ ರಾಜಧಾನಿಗೆ ಬಂದಮೇಲೆ ತ್ರಿಕೋನವನ್ನು ಮುಸಲ್ಲಸ್ ಎಂದೂ ಅರ್ಥಶಾಸ್ತ್ರವನ್ನು ಮಆಶಿಯಾತ್ ಎಂದೂ ಬರೆಯಬೇಕಾಗಿತ್ತು. ಅರಬ್ಬೀ ಧಾತುಗಳಿಂದ ಟಂಕಿಸಿದ ಈ ಪಾರಿಭಾಷಿಕ ಪದಗಳು, ಅಂದರೆ ಒಂದು ಶಾಸ್ತ್ರದೊಳಗೆ ನಿಯತ ಅರ್ಥದಲ್ಲಿ ಬಳಕೆಯಾಗುವ ಶಬ್ದಗಳು, ಲಖನೌ ಅಥವಾ ಔರಂಗಾಬಾದಿನ ಓದಿದ ಮನೆಗಳ ಹುಡುಗನಿಗೆ ಪರಿಚಿತವೆನಿಸಬಹುದಾಗಿದ್ದರೂ, ಸೇಡಂ ಅಥವಾ ಮಾನ್ವಿಯಿಂದ ಬಂದವನಿಗೆ ಇಂಗ್ಲಿಷಿನಷ್ಟೇ ದೂರದವಾಗಿದ್ದವು. ಪರಭಾಷೆಯ ಭಾರವನ್ನು ಇಳಿಸಲೆಂದೇ ಕಟ್ಟಿದ ವಿಶ್ವವಿದ್ಯಾಲಯ ಬಹುಸಂಖ್ಯಾತರ ಮೇಲೆ ಇನ್ನೊಂದು ಭಾರವನ್ನು ಹೊರಿಸಿದ್ದು ಅದರ ಮೂಲ ಆಶಯಕ್ಕೇ ಆದ ಅನ್ಯಾಯವೆಂದು ಹೇಳದೆ ವಿಧಿಯಿಲ್ಲ.

ಈ ಕಷ್ಟದ ನಡುವೆಯೂ ಕಲಿತವರಿದ್ದಾರೆ, ಕಲಿಸಿದವರೂ ಇದ್ದಾರೆ. ಉಸ್ಮಾನಿಯಾದಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಓದಲು ಅವಕಾಶವಿದ್ದು, ಡಿ.ಕೆ. ಭೀಮಸೇನರಾಯರಂಥ ಅಧ್ಯಾಪಕರು ಆ ಸಣ್ಣ ತರಗತಿಯನ್ನು ರಾಜಧಾನಿಯಲ್ಲಿ ಕನ್ನಡದ ನೆಲೆಯಾಗಿ ಕಾಪಾಡಿದರು. ಸಿದ್ಧಯ್ಯ ಪುರಾಣಿಕರು ಅದೇ ವಿಶ್ವವಿದ್ಯಾಲಯದಿಂದ ಉರ್ದು ಪಾಂಡಿತ್ಯದೊಡನೆ ಕನ್ನಡದ ಕವಿಯಾಗಿಯೂ ಹೊರಬಂದರು. 1941ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ಹೈದರಾಬಾದಿನಲ್ಲಿಯೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದುದೂ, ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆ ಬೆಳೆದುದೂ ಈ ಜನರ ಉತ್ಸಾಹದ ಗುರುತುಗಳು. ಗಮನಿಸಬೇಕಾದದ್ದೆಂದರೆ, ಈ ಉತ್ಸಾಹದ ಹೆಚ್ಚಿನ ಪಾಲು ಕಾಲೇಜಿನ ಹೊರಗೆ ನೆಲೆ ಕಂಡುಕೊಂಡಿತು.

ಅಧ್ಯಾಪಕರ ಕೊಠಡಿಯೂ ಒಂದಾಗಿರಲಿಲ್ಲ. ಹೊಸ ವಿಶ್ವವಿದ್ಯಾಲಯಕ್ಕೆ ಉರ್ದುವಿನಲ್ಲಿ ಬೋಧಿಸಬಲ್ಲ ವಿದ್ವಾಂಸರು ಬೇಕಾದಾಗ ಅವರು ಬಹುವಾಗಿ ಉತ್ತರ ಭಾರತದಿಂದ ಬಂದರು: ಪಾಣಿಪತ್ತಿನ ವಹೀದುದ್ದೀನ್ ಸಲೀಮ್, ಲಾಹೋರಿನ ಖಲೀಫಾ ಅಬ್ದುಲ್ ಹಕೀಮ್ ಇಂಥವರು. ಸಂಸ್ಥಾನದಲ್ಲಿ ಹುಟ್ಟಿದವನು ಅಥವಾ ಹದಿನೈದು ವರ್ಷ ನೆಲೆಸಿದವನು ಮುಲ್ಕಿ, ಹೊರಗಿನವನು ಗೈರ್ ಮುಲ್ಕಿ ಎಂಬ ಭೇದ ನೌಕರಿಯ ನಿಯಮಗಳಲ್ಲಿ ಆಗಲೇ ಇತ್ತು. ಉಸ್ಮಾನಿಯಾದ ಪದವೀಧರರು ಹೊರಬರತೊಡಗಿದ ಮೇಲೆ ಅದು ಕಾಲೇಜಿನೊಳಗೂ ಕಹಿಯಾಯಿತು. ಸಹೋದ್ಯೋಗಿಯ ವಿದ್ವತ್ತಿಗಿಂತ ಅವನ ಊರು ಮೊದಲು ಚರ್ಚೆಗೆ ಬರುವಲ್ಲಿ ವೃತ್ತಿಧರ್ಮದ ಅಳತೆಗೋಲು ನಿಲ್ಲುವುದು ಕಠಿಣ, ಏಕೆಂದರೆ ನ್ಯಾಯವಾದ ಟೀಕೆಯೂ ಪಕ್ಷಪಾತದಂತೆ ಕೇಳಿಸತೊಡಗುತ್ತದೆ.

1938ನೆಯ ವರ್ಷ ಈ ಚರಿತ್ರೆಯಲ್ಲಿ ವಿಶೇಷವಾದುದು. ಆ ವರ್ಷ ಉಸ್ಮಾನಿಯಾ ಪದವೀಧರರ ಸಂಘ, ಸಂಸ್ಥಾನದ ಆರ್ಥಿಕ ಸ್ಥಿತಿಯ ಅಧ್ಯಯನಕ್ಕೆ ಹಣ ಕೂಡಿಸುವ ಉದ್ದೇಶದಿಂದ, ನಾಂಪಲ್ಲಿಯ ಸಾರ್ವಜನಿಕ ಉದ್ಯಾನದಲ್ಲಿ ಸ್ಥಳೀಯ ಉತ್ಪನ್ನಗಳ ಪ್ರದರ್ಶನವೊಂದನ್ನು ನಡೆಸಿತು. ನುಮಾಯಿಷ್ ಎಂದು ಇಂದಿಗೂ ಪ್ರತಿ ಜನವರಿಯಲ್ಲಿ ನಡೆಯುವ ಆ ಮೇಳ 1946ರಲ್ಲಿ ಈಗಿನ ಮೈದಾನಕ್ಕೆ ಬಂದಿತು, ಅದರ ಆದಾಯದಿಂದ ಸರೋಜಿನಿ ನಾಯ್ಡು ವನಿತಾ ಮಹಾವಿದ್ಯಾಲಯವೂ ಸೇರಿ ಹಲವು ಶಿಕ್ಷಣ ಸಂಸ್ಥೆಗಳು ಬೆಳೆದವು. 1938ರ ಕೊನೆಗೆ ವಿದ್ಯಾರ್ಥಿನಿಲಯಗಳಲ್ಲಿ ವಂದೇ ಮಾತರಂ ಹಾಡುವುದನ್ನು ನಿಷೇಧಿಸಿದ್ದರಿಂದ ಮುಷ್ಕರವೆದ್ದು, ಅದು ವರಂಗಲ್ಲಿನ ಕಾಲೇಜಿಗೂ ಹಬ್ಬಿ, ನೂರಾರು ವಿದ್ಯಾರ್ಥಿಗಳು ಹೊರಹಾಕಲ್ಪಟ್ಟರು. ಅವರಲ್ಲಿ ಹಲವರಿಗೆ ನಾಗಪುರ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು, ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರೂ ಹೀಗೆ ಹೋದವರಲ್ಲಿ ಒಬ್ಬರು. ಒಂದೇ ವರ್ಷದ ಈ ಎರಡು ಘಟನೆಗಳನ್ನು ಜೊತೆಗಿಟ್ಟು ನೋಡಿದರೆ, ಆ ಕಾಲದ ಯುವಕರಲ್ಲಿ ಜಡತೆ ಇತ್ತೆಂದು ಯಾರೂ ಹೇಳಲಾರರು. ನಾಡಿನ ಕೈಗಾರಿಕೆಯನ್ನು ಕಣ್ಣಾರೆ ಕಂಡು ಅಳೆಯುವ ಆಸೆ ಅವರಲ್ಲಿತ್ತು, ನಂಬಿದ್ದಕ್ಕಾಗಿ ಓದನ್ನೇ ಪಣವಿಡುವ ಧೈರ್ಯವಿತ್ತು. ಆ ಆಸೆಗೂ ಆ ಧೈರ್ಯಕ್ಕೂ ಹಾಜರಿ ಪಟ್ಟಿಯಲ್ಲಿ ಜಾಗವಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಬಳಿಕ ಉಸ್ಮಾನಿಯಾದ ಬೋಧನಾ ಮಾಧ್ಯಮ ಉರ್ದುವಿನಿಂದ ಇಂಗ್ಲಿಷಿಗೆ ಬದಲಾಯಿತು. ಮೂರು ದಶಕಗಳ ಅನುವಾದ, ಪರಿಭಾಷೆ, ಪಠ್ಯಗಳು ಕೆಲವೇ ವರ್ಷಗಳಲ್ಲಿ ಕಪಾಟು ಸೇರಿದವು. ಉರ್ದುವಿನಲ್ಲಿ ಓದಿ, ಉರ್ದುವಿನಲ್ಲಿ ಕಲಿಸುತ್ತಿದ್ದ ಅಧ್ಯಾಪಕ ಇಂಗ್ಲಿಷಿನಲ್ಲಿ ಮಾತನಾಡಬೇಕಾಯಿತು, ಎದುರಿಗೆ ಕುಳಿತವರಲ್ಲಿ ಅನೇಕರು ಹತ್ತು ವರ್ಷ ಉರ್ದುವಿನಲ್ಲಿಯೇ ಓದಿ ಬಂದವರು. ಇಬ್ಬರಿಗೂ ಸಡಿಲವಾಗಿ ಆಡಲು ಬಾರದ ಭಾಷೆಯಲ್ಲಿ ಸಂವಾದ ನಡೆಯುವುದಿಲ್ಲ, ಬರೆಸುವುದು ಮತ್ತು ಬರೆದುಕೊಳ್ಳುವುದು ನಡೆಯುತ್ತದೆ. ನೋಟ್ಸ್ ಎಂಬ ಪದ್ಧತಿ ಹೈದರಾಬಾದಿನಲ್ಲಿ ಹುಟ್ಟಿದ್ದಲ್ಲ. ಕಲ್ಕತ್ತೆಯ ಕಾಲೇಜುಗಳಲ್ಲಿ ಅದು ಎಷ್ಟು ಬೇರೂರಿತ್ತೆಂಬುದು 1917ರಿಂದ 1919ರವರೆಗೆ ಕೆಲಸ ಮಾಡಿದ ಸ್ಯಾಡ್ಲರ್ ಆಯೋಗದ ಕಾಲದಲ್ಲಿಯೇ ಚರ್ಚೆಯಾಗಿತ್ತು. ಆದರೆ ಮಾಧ್ಯಮದ ಈ ಹಠಾತ್ ತಿರುವು ಅದನ್ನು ಆಲಸ್ಯದ ಅಭ್ಯಾಸದಿಂದ ಅನಿವಾರ್ಯದ ಆಶ್ರಯವನ್ನಾಗಿ ಮಾಡಿತು. 1948-49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ, ರಾಧಾಕೃಷ್ಣನ್ನರ ಅಧ್ಯಕ್ಷತೆಯಲ್ಲಿ, ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಪರೀಕ್ಷೆಯ ಸುಧಾರಣೆಯನ್ನೇ ಸೂಚಿಸುವೆವೆಂದು ದೇಶಕ್ಕೆ ಎಚ್ಚರಿಸಿದ್ದೂ ಈ ವರ್ಷಗಳಲ್ಲಿಯೇ.

ಮುಂದಿನ ಎರಡು ದಶಕಗಳು ತರಗತಿಗೆ ನೆಮ್ಮದಿ ಕೊಡಲಿಲ್ಲ. 1952ರಲ್ಲಿ ಸುಳ್ಳು ಮುಲ್ಕಿ ಪತ್ರ ತೋರಿಸಿ ಹೊರಗಿನವರು ಶಿಕ್ಷಕ ಹುದ್ದೆ ಪಡೆದರೆಂಬ ಆಕ್ಷೇಪದಿಂದ ವರಂಗಲ್ಲಿನಲ್ಲಿ ಆರಂಭವಾದ ಚಳವಳಿ ರಾಜಧಾನಿಗೆ ಬಂದು, ಸೆಪ್ಟೆಂಬರಿನಲ್ಲಿ ಸಿಟಿ ಕಾಲೇಜಿನ ಬಳಿ ಗುಂಡೇಟಿನಲ್ಲಿ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಳ್ಳುವವರೆಗೆ ಹೋಯಿತು. 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ ಅಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೆ ಮುಖ ಮಾಡಿದವು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಅವುಗಳ ಪ್ರಶ್ನೆಪತ್ರಿಕೆ ಮತ್ತೆ ದೂರದ ಊರಿನಿಂದಲೇ ಬರುತ್ತಿತ್ತು. 1969ರ ತೆಲಂಗಾಣ ಚಳವಳಿಯಲ್ಲಿ ಹೈದರಾಬಾದಿನ ಕಾಲೇಜುಗಳು ತಿಂಗಳುಗಟ್ಟಲೆ ನಿಂತವು.

1971ರಲ್ಲಿ ಇಂಟರ್‌ಮೀಡಿಯಟ್ ಶಿಕ್ಷಣ ಮಂಡಳಿ ಕಾನೂನಿನ ಮೂಲಕ ರೂಪುಗೊಂಡ ಮೇಲೆ, ಹತ್ತನೆಯ ತರಗತಿ ಮತ್ತು ಪದವಿಯ ನಡುವಿನ ಎರಡು ವರ್ಷಗಳ ಓದು ವಿಶ್ವವಿದ್ಯಾಲಯದ ಕೈಯಿಂದ ಪೂರ್ತಿಯಾಗಿ ಜಾರಿ ನಾಂಪಲ್ಲಿಯ ವಿದ್ಯಾಭವನದ ಅಧೀನಕ್ಕೆ ಬಂದಿತು. ಕರ್ನಾಟಕದ ಪಿಯುಸಿಗೆ ಸಮನಾದ ಈ ಹಂತವೇ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಸೀಟಿಗೆ ಹೆಬ್ಬಾಗಿಲಾದ್ದರಿಂದ, 1980ರ ದಶಕದಲ್ಲಿ ಎಂಸೆಟ್ ಎಂಬ ಪ್ರವೇಶ ಪರೀಕ್ಷೆ ಬಂದಾಗ ಓದಿಗೆ ಇಬ್ಬರು ಯಜಮಾನರಾದರು. ಖಾಸಗಿ ಜೂನಿಯರ್ ಕಾಲೇಜುಗಳು ಮತ್ತು ಕೋಚಿಂಗ್ ಕೇಂದ್ರಗಳು ಬೆಳಗಿನಿಂದ ರಾತ್ರಿಯವರೆಗೆ ಅಭ್ಯಾಸ ಪರೀಕ್ಷೆ ನಡೆಸುವ ಕ್ರಮವನ್ನು ಕಟ್ಟಿದವು. ಸರಕಾರಿ ಕಾಲೇಜಿನ ಬೆಂಚಿನಲ್ಲಿ ಉಳಿದವರು ಹೆಚ್ಚಾಗಿ ಆ ಶುಲ್ಕ ತೆರಲಾಗದ ಮನೆಗಳವರು. ದುಡಿದು ಬಂದು ನಿದ್ದೆಗಣ್ಣಿನಲ್ಲಿ ಕೂರುವ ಇಂಥ ವಿದ್ಯಾರ್ಥಿಯ ಮೌನವನ್ನೂ, ಪಾಠ ಕೋಚಿಂಗಿನಲ್ಲಿ ಆಗಲೇ ಮುಗಿದಿದೆಯೆಂದು ಮೊಬೈಲು ನೋಡುವವನ ಮೌನವನ್ನೂ ಒಂದೇ ನಿರಾಸಕ್ತಿಯೆಂದು ಕರೆಯುವುದು ಅಧ್ಯಾಪಕ ವರ್ಗ ಮಾಡುವ ದೊಡ್ಡ ತಪ್ಪುಗಳಲ್ಲಿ ಒಂದು.

ಅಧ್ಯಾಪಕನ ಸ್ಥಿತಿಯೂ ಇದೇ ಕಾಲದಲ್ಲಿ ಸಡಿಲಗೊಂಡಿತು. ಖಾಲಿ ಹುದ್ದೆಗಳನ್ನು ಕಾಯಂ ನೇಮಕದಿಂದ ತುಂಬುವ ಬದಲು ವರ್ಷವರ್ಷವೂ ನವೀಕರಿಸುವ ಗುತ್ತಿಗೆಯ ಮೇಲೆ ಕೊಡುವ ಪದ್ಧತಿ ಬೆಳೆದು, ಕರ್ನಾಟಕದಲ್ಲಿ ಅತಿಥಿ ಉಪನ್ಯಾಸಕರೆಂದು ಕರೆಯುವಂಥದೇ ಒಂದು ವರ್ಗ ತೆಲಂಗಾಣದ ಕಾಲೇಜುಗಳ ಬಹುಪಾಲು ಬೋಧನೆಯನ್ನು ಹೊತ್ತಿತು. ಒಂದೇ ಸಿಲಬಸ್ಸನ್ನು ಒಂದೇ ಗೋಡೆಯ ಎರಡು ಬದಿಯಲ್ಲಿ ಕಲಿಸುವ ಇಬ್ಬರಲ್ಲಿ ಒಬ್ಬನಿಗೆ ಪೂರ್ಣ ವೇತನ, ಇನ್ನೊಬ್ಬನಿಗೆ ಅದರ ಒಂದು ಪಾಲು ಎಂದಾದಾಗ, ಕಾಯಂ ಅಧ್ಯಾಪಕನ ಹೊಣೆ ಹೆಚ್ಚಾಗಬೇಕಾಗಿತ್ತು. ತನ್ನ ಕೆಲಸವನ್ನು ಗುತ್ತಿಗೆಯವನ ಮೇಲೆ ಸರಿಸಿ ಸಹಿ ಮಾತ್ರ ಹಾಕುವವನಿಗೆ ಮೇಲೆ ಹೇಳಿದ ಯಾವ ಚಾರಿತ್ರಿಕ ಕಾರಣವೂ ಆಸರೆಯಾಗದು. ಭಾಷೆ, ಪರೀಕ್ಷೆ, ಚಳವಳಿಗಳು ತರಗತಿಯನ್ನು ದುರ್ಬಲಗೊಳಿಸಿದವೇ ಹೊರತು, ಭೀಮಸೇನರಾಯರ ಪೀಳಿಗೆಗೆ ಇದ್ದ ತೊಡಕುಗಳು ಅವರನ್ನು ತರಗತಿಯಿಂದ ಹೊರಗೆ ಅಟ್ಟಲಿಲ್ಲ.

2019ರ ಏಪ್ರಿಲ್‌ನಲ್ಲಿ ಪ್ರಕಟವಾದ ತೆಲಂಗಾಣದ ಇಂಟರ್‌ಮೀಡಿಯಟ್ ಫಲಿತಾಂಶದಲ್ಲಿ, ಪರೀಕ್ಷೆಗೆ ಕುಳಿತ ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಮೂರು ಲಕ್ಷಕ್ಕೂ ಮೇಲ್ಪಟ್ಟು ಅನುತ್ತೀರ್ಣರಾದರು, ಅಂಕಪಟ್ಟಿಗಳಲ್ಲಿ ದೋಷಗಳು ಹೊರಬಿದ್ದವು, ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡ ವರದಿಗಳು ಬಂದವು. ತಂದೆ ತಾಯಿಗಳು ದಿನಗಟ್ಟಲೆ ವಿದ್ಯಾಭವನದ ಗೇಟಿನ ಮುಂದೆ ನಿಂತರು. ತೆಲುಗು ವಿಷಯದಲ್ಲಿ ಸೊನ್ನೆ ಎಂದು ದಾಖಲಾಗಿದ್ದ ಒಬ್ಬ ವಿದ್ಯಾರ್ಥಿನಿಯ ಅಂಕ ಮರುಪರಿಶೀಲನೆಯಲ್ಲಿ 99 ಎಂದು ಕಂಡುಬಂದಿತು. ಉತ್ತರಪತ್ರಿಕೆ ತಿದ್ದಿದ ಅಧ್ಯಾಪಕರು ಅಂಕ ಸೂಚಿಸುವ ವೃತ್ತಗಳನ್ನು ತಪ್ಪಾಗಿ ತುಂಬಿದ್ದರು, ಅದನ್ನು ಪರಿಶೀಲಿಸಬೇಕಾದವರು ಗಮನಿಸಿರಲಿಲ್ಲ; ಇಬ್ಬರ ಮೇಲೂ ಕ್ರಮ ಜರುಗಿತು. ಆ ಹುಡುಗಿಯನ್ನು ಎರಡು ವರ್ಷ ಎದುರಿಗಿಟ್ಟುಕೊಂಡು ತೆಲುಗು ಕಲಿಸಿದ ಅಧ್ಯಾಪಕರು ಯಾರೇ ಆಗಿದ್ದರೂ, ಅವಳಿಗೆ ಸೊನ್ನೆ ಬರಲು ಸಾಧ್ಯವಿಲ್ಲವೆಂದು ಮೊದಲ ನೋಟಕ್ಕೇ ಹೇಳಬಲ್ಲವರಾಗಿದ್ದರು. ಫಲಿತಾಂಶ ಪ್ರಕಟಿಸುವ ಮುನ್ನ ಅವರನ್ನು ಕೇಳುವ ಏರ್ಪಾಡು ಆ ಕ್ರಮದಲ್ಲಿ ಎಲ್ಲಿಯೂ ಇರಲಿಲ್ಲ. ಇದಾಗಿ ನಾಲ್ಕು ವರ್ಷಗಳ ಮೇಲೆ, 2023ರ ಏಪ್ರಿಲ್ ಕೊನೆಯಲ್ಲಿ, ತೆಲಂಗಾಣ ಸರಕಾರ ಐದು ಸಾವಿರಕ್ಕೂ ಹೆಚ್ಚು ಗುತ್ತಿಗೆ ನೌಕರರನ್ನು ಕಾಯಂ ಮಾಡಿತು, ಅವರಲ್ಲಿ ಹೆಚ್ಚಿನವರು ಜೂನಿಯರ್ ಕಾಲೇಜು, ಪಾಲಿಟೆಕ್ನಿಕ್ ಮತ್ತು ಪದವಿ ಕಾಲೇಜುಗಳ ಅಧ್ಯಾಪಕರು, ಅನೇಕರು ಆ ಹೊತ್ತಿಗೆ ದಶಕಕ್ಕೂ ಮೀರಿ ಕಲಿಸಿದ್ದವರು.