ಆಜ್ಞೆ ಹೊರಟಿತು, ತಲುಪಿತೆ?

ಆಜ್ಞೆಯನ್ನು ಹೊರಡಿಸುವುದು ಬೇರೆ, ಅದು ಸಂಬಂಧಪಟ್ಟವನ ಕೈಸೇರುವುದು ಬೇರೆ. ಈ ಎರಡರ ನಡುವಣ ಅಂತರವನ್ನು ಆಳುವವರು ಹೇಗೆ ತುಂಬಿದರೆಂಬುದು ಸರಕಾರಿ ಪತ್ರಗಳ ಚರಿತ್ರೆಯ ಮುಖ್ಯ ಎಳೆ.

ಪ್ರಾಚೀನ ಕರ್ನಾಟಕದಲ್ಲಿ ದತ್ತಿ ಪಡೆದವನಿಗೆ ಸಲ್ಲುತ್ತಿದ್ದುದು ತಾಮ್ರಪಟ. ತಾಮ್ರದ ಹಲಗೆಗಳನ್ನು ಬಳೆಯಲ್ಲಿ ಪೋಣಿಸಿ, ಆ ಬಳೆಗೆ ರಾಜಮುದ್ರೆಯನ್ನು ಬೆಸೆಯುತ್ತಿದ್ದರು. ಬಾದಾಮಿ ಚಾಲುಕ್ಯರ ಮುದ್ರೆಯಲ್ಲಿ ವರಾಹ, ಗಂಗರದರಲ್ಲಿ ಆನೆ, ರಾಷ್ಟ್ರಕೂಟರದರಲ್ಲಿ ಗರುಡ. ಪಡೆದವನ ಕೈಯಲ್ಲಿರುವ ಪಟವೇ ಅವನ ಹಕ್ಕಿಗೆ ಆಧಾರ. ಊರಿಗೆಲ್ಲ ತಿಳಿಯಬೇಕಾದುದನ್ನು ಕಲ್ಲಿನಲ್ಲಿ ಕಂಡರಿಸಿ, ಹತ್ತು ಜನ ಕಾಣುವೆಡೆ ನಿಲ್ಲಿಸುತ್ತಿದ್ದರು.

ದೂರದ ಅಧಿಕಾರಿಗಳಿಗೆ ನಿರೂಪಗಳನ್ನು ಮುಟ್ಟಿಸಲು ಓಟಗಾರರು ಬೇಕಾದರು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ್ 1672ರಲ್ಲಿ ಅಂಚೆ ವ್ಯವಸ್ಥೆಯನ್ನು ಆರಂಭಿಸಿದರು. ‘ಅಂಚೆ’ ಎಂಬುದು ಹಂಸದ ತದ್ಭವ. ಹಂಸವನ್ನು ದೂತನಾಗಿ ಕಂಡ ಕಾವ್ಯಪರಂಪರೆಯನ್ನು ಬಲ್ಲವರಿಗೆ ಈ ಹೆಸರು ಹೊಸದೆನಿಸದು. ಅರಮನೆಯ ಕಾಗದಗಳನ್ನು ಸಾಗಿಸುವುದರ ಜೊತೆಗೆ ಸೀಮೆಯ ಸುದ್ದಿಯನ್ನು ದೊರೆಗೆ ತಿಳಿಸುವುದೂ ಅಂಚೆಯವರ ಹೊಣೆಯಾಗಿತ್ತು. 1889ರಲ್ಲಿ ಮೈಸೂರು ಅಂಚೆಯು ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು.

1897ರ ಸಾಮಾನ್ಯ ಖಂಡಗಳ ಅಧಿನಿಯಮದ 27ನೆಯ ಪ್ರಕರಣ ಈ ಚರಿತ್ರೆಯಲ್ಲೊಂದು ತಿರುವು. ಸರಿಯಾದ ವಿಳಾಸ ಬರೆದು, ವೆಚ್ಚ ತೆತ್ತು, ನೋಂದಾಯಿತ ಅಂಚೆಗೆ ಹಾಕಿದ ಪತ್ರವು ವಾಡಿಕೆಯ ಅವಧಿಯಲ್ಲಿ ತಲುಪಿತೆಂದೇ ಕಾನೂನು ಭಾವಿಸುತ್ತದೆ. ತಲುಪಲಿಲ್ಲವೆಂದು ಸಾಧಿಸುವ ಭಾರ ವಿಳಾಸದಾರನ ಮೇಲೆ ಬಿತ್ತು.

2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮ ಇನ್ನೂ ಮುಂದೆ ಹೋಯಿತು. ಬೇರೆ ಒಪ್ಪಂದವಿಲ್ಲದಿದ್ದರೆ, ವಿಳಾಸದಾರನು ಗೊತ್ತುಪಡಿಸಿದ ಗಣಕ ವ್ಯವಸ್ಥೆಯನ್ನು ಸಂದೇಶ ಹೊಕ್ಕ ಕ್ಷಣವೇ ಸ್ವೀಕೃತಿಯ ಕ್ಷಣ. ಅವನು ಅದನ್ನು ತೆರೆದನೆ ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಪತ್ರ ಪ್ರಜೆಯ ಬಳಿಗೆ ಬರುವುದಿಲ್ಲ, ಪ್ರಜೆಯೇ ಅದರ ಬಳಿಗೆ ಹೋಗಬೇಕು.

ಈ ಭಾವನೆಗೂ ಒಂದು ಎಲ್ಲೆಯುಂಟು. ಪೊಲೀಸರ ಮುಂದೆ ಹಾಜರಾಗಬೇಕೆಂಬ ನೋಟಿಸನ್ನು ವಾಟ್ಸಾಪ್ ಮೊದಲಾದ ವಿದ್ಯುನ್ಮಾನ ಮಾರ್ಗಗಳಿಂದ ಜಾರಿಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ನಿರ್ದೇಶಿಸಿತು. ಅಂಥ ನೋಟಿಸಿಗೆ ಓಗೊಡದವನು ಬಂಧನಕ್ಕೆ ಗುರಿಯಾಗಬಹುದು. ಬಿಡುಗಡೆಯೇ ಪಣವಾಗಿರುವಲ್ಲಿ ತಲುಪಿತೆಂದು ಭಾವಿಸಿದರೆ ಸಾಲದು, ಪತ್ರವು ಕೈಗೆ ಮುಟ್ಟಲೇಬೇಕು. ತಾಮ್ರಪಟದ ಕಾಲದ ಈ ಸರಳ ನಿಯಮ ಇಂದಿಗೂ ಹಳತಾಗಿಲ್ಲ.